ಆ ಅಜ್ಜನ ಹಳದಿ ಕಾರ್ವೆಟ್

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದುಬಿಡುತ್ತೇನೆ.

ಇಲ್ಲಿ ಡೆಟ್ರಾಯಿಟ್ ಹೊರಗೆ, ನಮ್ಮ ಮನೆ ಹತ್ತಿರ, ಭಾನುವಾರ ಬೆಳಿಗ್ಗೆ ಕಾರಿನ ಹುಚ್ಚಿರುವವರೆಲ್ಲ ಸೇರುತ್ತಾರೆ. ಇವತ್ತು ಒಬ್ಬ ಅಜ್ಜ ತಮ್ಮ 2002ರ ಹಳದಿ ಕಾರ್ವೆಟ್ ಝಡ್06 ತಂದಿದ್ದರು. ಕಾರ್ವೆಟ್ ಅಂದರೆ ಷೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರು, ಝಡ್06 ಅದರ ಹೆಚ್ಚು ಜೋರಿನ ಮಾದರಿ. ಇಬ್ಬರು ಹುಡುಗರು ಬಂದರು. ಒಬ್ಬ ಒಳಗೆ ಇಣುಕಿ, ಎಲ್ಲಾ ಪ್ಲಾಸ್ಟಿಕ್ ಅಂದ. ಇನ್ನೊಬ್ಬ, ಇದು ನೇರ ರಸ್ತೆಗೆ ಮಾತ್ರ, ತಿರುವು ಬಂದರೆ ಮುಗೀತು ಅಂದ. ಅಜ್ಜನಿಗೆ ಕೇಳಿಸಿತು. ಏನೂ ಹೇಳದೆ ಬಾನೆಟ್ ಒರೆಸುತ್ತಾ ನಿಂತರು. ನಾನೂ ಸುಮ್ನೆ ನಿಂತಿದ್ದೆ. ಅದೇ ಈಗ ಚುಚ್ಚುತ್ತಿರುವುದು.

ನಾನು ಚಾಸಿ, ಅಂದರೆ ಕಾರಿನ ಅಡಿಚೌಕಟ್ಟಿನ ಕೆಲಸದವನು ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ. ಆ ಕಾರು ಸಿ5, ಅಂದರೆ 1997ರಿಂದ 2004ರವರೆಗೆ ಬಂದ ಐದನೇ ತಲೆಮಾರಿನ ಕಾರ್ವೆಟ್. ಅದರ ಕೆಳಗೆ ಒಮ್ಮೆ ಬಗ್ಗಿ ನೋಡಬೇಕು. ಚೌಕಟ್ಟಿನ ಎರಡೂ ಬದಿಯ ಉದ್ದನೆಯ ತೊಲೆಗಳು, ಅಂದರೆ ರೇಲುಗಳು, ಒಂದೊಂದೇ ಉಕ್ಕಿನ ಕೊಳವೆ. ಒಳಗೆ ಭಾರೀ ಒತ್ತಡದಲ್ಲಿ ನೀರು ತುಂಬಿಸಿ ಅಚ್ಚಿನೊಳಗೆ ಉಬ್ಬಿಸಿ ಆಕಾರ ಕೊಟ್ಟಿದ್ದಾರೆ. ಹಿಂದಿನ ಕಾರಿನಲ್ಲಿ ಹಲವು ತುಂಡು ಸೇರಿಸಿ ವೆಲ್ಡ್ ಮಾಡುತ್ತಿದ್ದ ಜಾಗ ಅದು. ಗೇರ್‌ಬಾಕ್ಸ್ ತೆಗೆದು ಹಿಂದಿನ ಚಕ್ರಗಳ ನಡುವೆ ಇಟ್ಟರು, ಮುಂದೆ ಹಿಂದೆ ತೂಕ ಸರಿಸುಮಾರು ಸಮ ಆಯಿತು. ನೆಲದ ಹಲಗೆಯ ನಡುವೆ ಬಾಲ್ಸಾ ಮರ ಇದೆ, ಹಗುರವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು ಅಂತ. ಚೀಫ್ ಎಂಜಿನಿಯರ್ ಡೇವ್ ಹಿಲ್ ಮತ್ತು ಅವರ ತಂಡ ಇಷ್ಟೆಲ್ಲ ಮಾಡಿದ್ದು ನೇರ ರಸ್ತೆಗೆ ಅಲ್ಲ. ನೇರ ರಸ್ತೆಗೆ ಇದ್ಯಾವುದೂ ಬೇಕಿಲ್ಲ!

ಇನ್ನು ರೇಸಿಗೆ ಬರೋಣ. ಇಲ್ಲೇ ಮಿಷಿಗನ್‌ನ ನ್ಯೂ ಹಡ್ಸನ್‌ನಲ್ಲಿದ್ದ ಪ್ರಾಟ್ ಅಂಡ್ ಮಿಲ್ಲರ್ ಅನ್ನುವ ಸಂಸ್ಥೆ ಇದೇ ಕಾರನ್ನು ಸಿ5-ಆರ್ ಅಂತ ರೇಸಿಗೆ ಸಜ್ಜು ಮಾಡಿತು. 1999ರ ಜನವರಿಯಲ್ಲಿ ಫ್ಲಾರಿಡಾದ ಡೇಟೋನಾದ 24 ಗಂಟೆ ರೇಸಿನಲ್ಲಿ ಮೊದಲ ಸಲ ಇಳಿಯಿತು. ಮರುವರ್ಷ ಅಲ್ಲೇ, ಹಗಲು ರಾತ್ರಿ ಓಡಿ, ಡಾಡ್ಜ್ ಕಂಪನಿಯ ವೈಪರ್ ಕಾರಿನ ಎದುರು ಸೋತದ್ದು ಬರೀ 30 ಸೆಕೆಂಡಿನಲ್ಲಿ. ಇಪ್ಪತ್ನಾಲ್ಕು ಗಂಟೆ ಓಡಿ 30 ಸೆಕೆಂಡು! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2001ರ ಫೆಬ್ರವರಿಯಲ್ಲಿ ಮತ್ತೆ ಡೇಟೋನಾ. ಕಾರ್ವೆಟ್‌ಗಿಂತ ಜಾಸ್ತಿ ವೇಗದ ಪ್ರೊಟೊಟೈಪ್ ಕಾರುಗಳು, ಅಂದರೆ ರೇಸಿಗೆಂದೇ ಕಟ್ಟಿದವು, ಒಂದೊಂದಾಗಿ ಕೈಕೊಟ್ಟವು. ರಾನ್ ಫೆಲೋಸ್, ಜಾನಿ ಓಕಾನೆಲ್, ಕ್ರಿಸ್ ನೈಫೆಲ್, ಫ್ರಾಂಕ್ ಫ್ರೆಯಾನ್ ಓಡಿಸಿದ ಕಾರ್ವೆಟ್ ಬರೀ ತನ್ನ ವಿಭಾಗ ಅಲ್ಲ, ಇಡೀ ರೇಸನ್ನೇ ಗೆದ್ದಿತು.

ಅದೇ ರೇಸಿನಲ್ಲಿ ಇನ್ನೊಂದು ಕಾರ್ವೆಟ್ ಇತ್ತು, ನಂಬರ್ 3. ಅದರಲ್ಲಿ ಅಮೆರಿಕದ ನ್ಯಾಸ್ಕಾರ್ ರೇಸಿನ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಮತ್ತು ಅವರ ಮಗ ಒಂದೇ ಸೀಟನ್ನು ಸರದಿಯಲ್ಲಿ ಹಂಚಿಕೊಂಡು ಓಡಿಸಿದರು. ಆ್ಯಂಡಿ ಪಿಲ್‌ಗ್ರಿಮ್, ಕೆಲ್ಲಿ ಕಾಲಿನ್ಸ್ ಜೊತೆಗಿದ್ದರು. ನಾಲ್ಕನೇ ಸ್ಥಾನ ಬಂತು. ಎರಡು ವಾರ ಕಳೆದು, ಫೆಬ್ರವರಿ 18ರಂದು, ಅದೇ ಡೇಟೋನಾದಲ್ಲಿ ಬೇರೆ ರೇಸಿನ ಕೊನೆಯ ಸುತ್ತಿನಲ್ಲಿ ಅಪ್ಪ ತೀರಿಕೊಂಡರು. ಆ ಅಪ್ಪ ಮಗನ ಫೋಟೋ ನೋಡಿದಾಗಲೆಲ್ಲ ನನಗೆ ನಮ್ಮಪ್ಪನ ಲಾರಿ ಕ್ಯಾಬಿನ್ ನೆನಪಾಗುತ್ತದೆ. ರಜೆ ಬಂತೆಂದರೆ ದಾವಣಗೆರೆಯಿಂದ ಮುಂಬೈಗೆ ಲೋಡು, ಪಕ್ಕದಲ್ಲಿ ನಾನು. ರಾತ್ರಿ ಇಡೀ ಓಡಿ ಬೆಳಿಗ್ಗೆ ಊರು ಮುಟ್ಟಿಸಿದರೆ ಅದು ಗಾಡಿ ಕಣೋ ಅನ್ನುತ್ತಿದ್ದರು. ಯಾವ ಗಾಡಿ ನೋಡಿದರೂ ನಾನು ಅದೇ ಮಾತಿನಲ್ಲಿ ಅಳೆಯುವುದು. ಇದನ್ನು ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ.

ಅದೇ 2001ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್, ಅದೂ 24 ಗಂಟೆಯ ರೇಸೇ. ಒಂದು ಸುತ್ತಿಗೆ 13 ಕಿಲೋಮೀಟರಿಗೂ ಜಾಸ್ತಿ, ಮೇಲೆ ಮಳೆ. 1960ರಲ್ಲಿ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ತಂಡ ಕಾರ್ವೆಟ್ ಓಡಿಸಿ ಅಲ್ಲಿ ತನ್ನ ವಿಭಾಗ ಗೆದ್ದಿತ್ತು. ಅದಾಗಿ ನಲವತ್ತೊಂದು ವರ್ಷ. ಸಿ5-ಆರ್ ತನ್ನ ವಿಭಾಗದಲ್ಲಿ ಮೊದಲ ಎರಡೂ ಸ್ಥಾನ ತಗೊಂಡಿತು. 2002ರಲ್ಲಿ ಮತ್ತೆ ಅದೇ. 2003ರಲ್ಲಿ ಫೆರಾರಿ 550 ಸೋಲಿಸಿತು, ನಿಜ. 2004ರಲ್ಲಿ ಮತ್ತೆ ಮೊದಲ ಎರಡು ಸ್ಥಾನ ಇವರದೇ. ಗೆದ್ದ ಕಾರಿನಲ್ಲಿದ್ದ ಒಲಿವಿಯೆ ಬೆರೆಟ್ಟಾ ಯಾರು ಗೊತ್ತಾ? ಡೇಟೋನಾದಲ್ಲಿ ಆ 30 ಸೆಕೆಂಡಿನಲ್ಲಿ ಸೋಲಿಸಿದ ವೈಪರ್ ಓಡಿಸಿದವರಲ್ಲಿ ಒಬ್ಬರು! ಲೆ ಮಾನ್‌ನ ಪೋರ್ಷೆ ತಿರುವುಗಳನ್ನು ಕತ್ತಲಲ್ಲಿ, ಒದ್ದೆ ರಸ್ತೆಯಲ್ಲಿ ದಾಟಿದ ಕಾರಿಗೆ ತಿರುವು ಗೊತ್ತಿಲ್ಲ ಅನ್ನುವುದು ಯಾವ ನ್ಯಾಯ?

ರೇಸ್ ಕಾರೇ ಬೇರೆ, ರಸ್ತೆ ಕಾರೇ ಬೇರೆ ಅಂತ ಯಾರಾದರೂ ಕಾಮೆಂಟಲ್ಲಿ ಬರೆದೇ ಬರೆಯುತ್ತೀರಿ. ಇರಲಿ. ರೇಸ್ ಕಾರಿನದು 7 ಲೀಟರ್ ಇಂಜಿನ್, ರಸ್ತೆಯದು 5.7. ಮೈ ಅಗಲ, ಸ್ಪ್ರಿಂಗ್ ಬೇರೆ. ಒಪ್ಪಿದೆ. ಆದರೆ ಬೆನ್ನೆಲುಬು ಅದೇ ನೀರಿನ ಒತ್ತಡದ ರೇಲು. ಇಂಜಿನ್ ದೊಡ್ಡದಾದರೂ, ವಾಲ್ವು ತೆರೆಸುವ ಕ್ಯಾಮ್ ಮೇಲ್ಗಡೆ ಅಲ್ಲ, ಇಂಜಿನ್ನಿನ ಬ್ಲಾಕಿನೊಳಗೇ ಇರುವ, ಸಿಲಿಂಡರಿಗೆ ಎರಡೇ ವಾಲ್ವಿನ ಅದೇ ಹಳೇ ಮಾದರಿಯ ವಿ8. ಲಾರಿ ಇಂಜಿನ್ ಅಂತ ಹೀಯಾಳಿಸುತ್ತಾರಲ್ಲ, ಅದೇ. ಅದು ಬೆಳಗಿನವರೆಗೂ ನಿಲ್ಲದೆ ಓಡಿತು. ಮುಂದೆ 2006ರ ಝಡ್06 ರಸ್ತೆಗೆ ಬಂದಾಗ ಅದರಲ್ಲೂ 7 ಲೀಟರ್ ಇಂಜಿನ್ನೇ ಇತ್ತು, 505 ಹಾರ್ಸ್ ಪವರ್. ರೇಸಿಗೂ ರಸ್ತೆಗೂ ಸಂಬಂಧ ಇಲ್ಲ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಒಳಗೆ ಪ್ಲಾಸ್ಟಿಕ್ ಅಂತೆ. ಹೌದು, ಪ್ಲಾಸ್ಟಿಕ್ಕೇ. ಡ್ಯಾಶ್‌ಬೋರ್ಡ್ ನೋಡಿ ಗಾಡಿ ಅಳೆಯುವವರ ಹತ್ತಿರ ನನಗೆ ಮಾತಿಲ್ಲ.

ಮುಂದಿನ ಭಾನುವಾರ ಬೇಗ ಹೋಗುತ್ತೇನೆ. ಆ ಅಜ್ಜ ಬಂದರೆ ಮೊದಲು ಅವರನ್ನೇ ಮಾತಾಡಿಸಬೇಕು. ಮೇಲೆದ್ದು ಬರುವ ಹೆಡ್‌ಲೈಟ್ ಇರುವ ಕೊನೆಯ ಕಾರ್ವೆಟ್ ಅದು, ಆಮೇಲೆ ಬಂದ ಯಾವುದರಲ್ಲೂ ಇಲ್ಲ. ಒಂದು ಸಲ ಎತ್ತಿ ತೋರಿಸಿ ಅಂತ ಕೇಳುತ್ತೇನೆ.