ಗಮ್ ಟೇಪಿನ ಮಹಿಮೆ

ಗ್ರಾಫೀನ್ ಪಟ್ಟಿಯ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರುತ್ತೆ. ಹಚ್ಚೆ ಥರ ಮೈಗೆ ಅಂಟಿಸಿಕೊಂಡರೆ ಸಾಕಂತೆ. ಎದೆ ಬಡಿತ, ಮೈ ಬಿಸಿ, ಬೆವರಿನ ಸಕ್ಕರೆ ಎಲ್ಲ ಫೋನಿಗೇ ವರದಿ. 2017ರಲ್ಲೇ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಇಂಥ ಹಚ್ಚೆಯಿಂದ ಇಸಿಜಿ ತೆಗೆದು ತೋರಿಸಿದ್ದಾರೆ. ನಮ್ಮ ಕಲಬುರಗಿಗೇ ಮೊದಲು ಕೊಡಬೇಕಿತ್ತು ನೋಡಿ. ಮೇ ತಿಂಗಳಲ್ಲಿ ನಮ್ಮಲ್ಲಿ ಬರ ಇಲ್ಲದ್ದು ಬೆವರಿಗೆ ಮಾತ್ರ.

ಗ್ರಾಫೀನ್ ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರೋ ಗ್ರಾಫೈಟಿನ ಒಂದೇ ಪದರ. ದಪ್ಪ ಒಂದು ಪರಮಾಣುವಿನಷ್ಟು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅನ್ನೋರು ಗಮ್ ಟೇಪ್ ಅಂಟಿಸಿ ಕಿತ್ತು, ಮತ್ತೆ ಅಂಟಿಸಿ ಕಿತ್ತು ಅದನ್ನು ತೆಗೆದರು. 2010ರಲ್ಲಿ ನೊಬೆಲ್ ಬಂತು. ಈ ಗೈಮ್ ಮಹಾಶಯ ಅದಕ್ಕೂ ಮೊದಲು ಆಯಸ್ಕಾಂತದ ಬಲದಿಂದ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದ. ಅದಕ್ಕೂ 2000ದಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆ ಬಹುಮಾನ! ನಾವು ಮಳೆ ಬರಲಿ ಅಂತ ಕಪ್ಪೆಗೆ ಬಾಸಿಂಗ ಕಟ್ಟಿ, ಅಕ್ಕಿಕಾಳು ಹಾಕಿ, ಊರಿಗೆಲ್ಲ ಊಟ ಹಾಕಿಸ್ತೇವೆ. ನಮಗೆ ಒಂದು ಶಾಲೂ ಬರಲಿಲ್ಲ.

ಇರಲಿ, ಟೇಪಿಗೆ ಬರ್ತೀನಿ. ಹೋದ ವಾರ ಅವ್ವನ್ನ ಊರಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಬಿಪಿ ಮಷೀನಿನ ಪಟ್ಟಿ ಹಿಡಿಯಲ್ಲ. ಸಿಸ್ಟರ್ ಅದರ ಮೇಲೆ ಗಮ್ ಟೇಪ್ ಸುತ್ತಿದಳು. ಗಾಳಿ ಒತ್ತಿದರೆ ಮುಳ್ಳು ಅರ್ಧಕ್ಕೆ ಏರಿ ಪುಸ್ ಅಂತ ಇಳಿಯಿತು. ಕಿತ್ತಳು, ಮತ್ತೆ ಸುತ್ತಿದಳು. ‘ಆಯಿ, ಇನ್ನೊಮ್ಮಿ ಕೈ ಕೊಡ್ರಿ.’ ಮೂರನೇ ಸಲ ಕೀಳುವಾಗ ಟೇಪಿನ ಜೊತೆ ಅವ್ವನ ಚರ್ಮವೂ ಒಂದು ಪದರ ಎದ್ದು ಬಂತು. ಎಪ್ಪತ್ತೆಂಟರ ಚರ್ಮ, ಅದೂ ಗ್ರಾಫೀನಿನಷ್ಟೇ ತೆಳು.

‘ಎಷ್ಟದ ಯವ್ವಾ?’ ಅಂದಳು ಅವ್ವ.

‘ನಾರ್ಮಲ್ ಅದ ಬಿಡ್ರಿ.’

ಪಾಪ, ಆ ಹುಡುಗಿ ಏನು ಮಾಡ್ತಾಳೆ? ಡಾಕ್ಟರ ಕುರ್ಚಿ ಮೇಲೆ ಟವೆಲ್ ಇತ್ತು, ಡಾಕ್ಟರ್ ಇರಲಿಲ್ಲ. ಹೋದ ವರ್ಷವೂ ಅದೇ ಟವೆಲ್. ನಾಳೆ ಅವ್ವನ ಎದೆ ತಪ್ಪು ಬಡಿದರೆ ಗ್ರಾಫೀನ್ ಪಟ್ಟಿ ಫೋನಿಗೆ ಹೇಳುತ್ತೆ, ಸರಿ. ಫೋನ್ ಯಾರಿಗೆ ಹೇಳಬೇಕು? ಟವೆಲ್ಲಿಗಾ? ನಗೋಕೂ ಬೇಸರ ಬಂದಿದೆ ಕಣ್ರಿ.

ಹೊರಡುವಾಗ ಸಿಸ್ಟರ್ ಕರೆದಳು. ‘ಅಣ್ಣಾ, ಮುಂದಿನ ಸಲ ಬರೋವಾಗ ಒಂದು ಟೇಪ್ ತರ್ರಿ. ಇದು ತೀರ್ಯದ.’

ತಂದಿಟ್ಟಿದ್ದೇನೆ. ಅಗಲದ್ದು.