ಅಟ್ಟದ ಮೇಲಿನ ಫ್ಯಾಂಟಮ್

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯ ಮನೆಗೆ ಹೋದವನು ಕಾಫಿ ಕುಡಿದವನೇ ಅಟ್ಟ ಹತ್ತಿದೆ. ‘ಸುಧಾ’ ವಾರಪತ್ರಿಕೆಯಲ್ಲಿ ಬರುತ್ತಿದ್ದ ಫ್ಯಾಂಟಮ್ ಚಿತ್ರಕಥೆಯ ಪುಟಗಳನ್ನು ವಾರವಾರ ಕತ್ತರಿಸಿಟ್ಟು, ಅಜ್ಜಿಯ ಕೈಯಲ್ಲಿ ದಬ್ಬಣದಿಂದ ಹೊಲಿಸಿ, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ರಟ್ಟಾಗಿ ಅಂಟಿಸಿದ್ದ ಐದು ಪುಸ್ತಕಗಳು ಅಲ್ಲಿನ ಕಬ್ಬಿಣದ ಟ್ರಂಕಿನಲ್ಲಿದ್ದವು. ಮುಚ್ಚಳ ತೆಗೆದಾಗ ಕಂಡದ್ದು ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು. “ಅವು ಬೂಷ್ಟು ಹಿಡಿದಿದ್ವು ಕಣೋ, ಹಳೇ ಪೇಪರಿನವನಿಗೆ ಹಾಕಿದೆ” ಎಂದು ಅಮ್ಮ ಕೆಳಗಿನಿಂದಲೇ ಹೇಳಿದರು. ಆ ಮಾತು ನನ್ನನ್ನು ಇನ್ನೂ ಚುಚ್ಚುತ್ತಿದೆ.

ನಾನಿರುವುದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ. ಸೂಪರ್‌ಮ್ಯಾನ್ ಹುಟ್ಟಿದ್ದು ಈ ಊರಿನ ಇಬ್ಬರು ಗೆಳೆಯರಾದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅವರ ಕಲ್ಪನೆಯಲ್ಲಿ. ಸೀಗಲ್ ಇದ್ದ ಮನೆಯನ್ನು ದುರಸ್ತಿ ಮಾಡಿ ಫಲಕ ಹಾಕಿದ್ದಾರೆ. ಶುಸ್ಟರ್ ಮನೆಯಿದ್ದ ಜಾಗದ ಬೇಲಿಯ ಮೇಲೆ 1938ರ ಆ ಮೊದಲ ಕಥೆಯ ಪುಟಗಳನ್ನೇ ದೊಡ್ಡದು ಮಾಡಿ ನಿಲ್ಲಿಸಿದ್ದಾರೆ. ಇಲ್ಲಿ ಹೊಸ ಕಾಮಿಕ್ಸ್ ಅಂಗಡಿಗೆ ಬರುವ ದಿನ ಬುಧವಾರ. ಆಫೀಸಿನಿಂದ ನೇರವಾಗಿ ಅಲ್ಲಿಗೆ ಹೋದರೆ ನನ್ನ ಹೆಸರಿನ ಫೈಲಿನಲ್ಲಿ ಆ ವಾರದ ಸಂಚಿಕೆಗಳು ಕಾದಿರುತ್ತವೆ, ಮುಂದಿನ ತಿಂಗಳುಗಳಲ್ಲಿ ಬರಲಿರುವವುಗಳ ಪಟ್ಟಿ ನೋಡಿ ಬೇಕಾದದ್ದನ್ನು ಈಗಲೇ ಬರೆಸಿಯೂ ಬರಬಹುದು. ಅಂಗಡಿಯವನು ಪುಸ್ತಕದ ಬೆನ್ನಿಗೆ ಆಮ್ಲವಿಲ್ಲದ ಬಿಳಿ ರಟ್ಟನ್ನು ಕೊಟ್ಟು, ಪಾರದರ್ಶಕ ಕವರಿನೊಳಗೆ ಮೆಲ್ಲಗೆ ಜಾರಿಸಿ, ಬಾಯಿಗೆ ಅಂಟಿಸುವ ಟೇಪು ಮುಖಪುಟಕ್ಕೆ ತಾಗದಂತೆ ಹೆಬ್ಬೆರಳನ್ನು ಅಡ್ಡ ಹಿಡಿಯುತ್ತಾನೆ. ನಾಲ್ಕು ಡಾಲರಿನ ಪುಸ್ತಕಕ್ಕೆ ಅಷ್ಟು ಜತನ! ಆ ಹೆಬ್ಬೆರಳನ್ನು ನೋಡುವಾಗಲೆಲ್ಲ ನನಗೆ ನಮ್ಮ ಟ್ರಂಕು ನೆನಪಾಗುತ್ತದೆ.

2025ರ ನವೆಂಬರಿನಲ್ಲಿ ಬಂದ ಸುದ್ದಿಯೊಂದು ಗಾಯದ ಮೇಲೆ ಉಪ್ಪು ಸವರಿತು. ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ ತಾಯಿಯ ಮನೆಯ ಅಟ್ಟವನ್ನು ಮಕ್ಕಳು ಚೊಕ್ಕ ಮಾಡುವಾಗ, ಹಳೆಯ ಪೇಪರುಗಳ ಅಡಿಯಲ್ಲಿ ಸೂಪರ್‌ಮ್ಯಾನ್ ಹೆಸರಿನಲ್ಲೇ 1939ರಲ್ಲಿ ಶುರುವಾದ ಪತ್ರಿಕೆಯ ಮೊದಲ ಸಂಚಿಕೆ ಸಿಕ್ಕಿತ್ತಂತೆ; ಅದು ಹರಾಜಿನಲ್ಲಿ 91 ಲಕ್ಷ 20 ಸಾವಿರ ಡಾಲರಿಗೆ ಹೋಯಿತು. ನನ್ನ ಸಂಕಟ ದುಡ್ಡಿನದಲ್ಲ. ಅಲ್ಲೂ ಅಟ್ಟ, ಅಲ್ಲೂ ಅಮ್ಮ, ಅಲ್ಲೂ ಹಳೇ ಪೇಪರು. ಆದರೆ ಅಲ್ಲಿ ಪುಸ್ತಕ ಉಳಿದಿತ್ತು. ಯಕ್ಷಗಾನದ ಕಿರೀಟವನ್ನು ಮೂರು ತಲೆಮಾರು ಬಟ್ಟೆ ಸುತ್ತಿ ಕಾಪಾಡುವ ನಾವು, ಮಕ್ಕಳು ಜೀವದಂತೆ ಕಂಡ ಚಿತ್ರಕಥೆಯನ್ನು ಮಾತ್ರ ಯೋಚಿಸದೆ ತಕ್ಕಡಿಗೆ ಹಾಕುತ್ತೇವೆ. ಇದು ನನಗೆ ಸಹ್ಯವಾಗುವುದಿಲ್ಲ.

ಹಾಗಿದ್ದರೂ ಒಂದೆರಡು ಮಾತು ಒಪ್ಪಿಕೊಳ್ಳಲೇಬೇಕು. ಕ್ಯಾಲಿಫೋರ್ನಿಯಾದ ಆ ಅಟ್ಟ ತಂಪಾಗಿ ಒಣಗಿತ್ತು. ಆಗುಂಬೆಯ ಕಡೆಯ ಮಳೆಯಲ್ಲಿ ಉಪ್ಪು ನೀರಾಗಿ, ಬೆಂಕಿಕಡ್ಡಿ ಹೊತ್ತದಿರುವಾಗ ಕಾಗದವನ್ನು ಯಾರು ಉಳಿಸಿಯಾರು? ಅಮೆರಿಕದವರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಮಿಕ್ಸನ್ನು ಕಂತೆಗಟ್ಟಿ ರದ್ದಿಗೆ ಕೊಟ್ಟವರೇ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಸಂಚಿಕೆಯ ಸುಮಾರು 2 ಲಕ್ಷ ಪ್ರತಿಗಳಲ್ಲಿ ಇಂದು ಉಳಿದಿರುವುದು ನೂರರ ಆಸುಪಾಸು ಎನ್ನುತ್ತಾರೆ. ಉಳಿದವುಗಳಲ್ಲಿ ಹಲವನ್ನು, ಎಷ್ಟು ಸುಸ್ಥಿತಿಯಲ್ಲಿವೆ ಎಂದು ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡುವುದರಿಂದ ಅವುಗಳ ಪುಟವನ್ನು ಇನ್ನು ಯಾರೂ ಮಗುಚುವಂತಿಲ್ಲ. ನನ್ನ ಐದು ಪುಸ್ತಕಗಳನ್ನು ಕೇರಿಯ ಮಕ್ಕಳೆಲ್ಲ ಓದಿದ್ದರು. ಹಲಸಿನ ಹಪ್ಪಳದ ಎಣ್ಣೆ ಅವುಗಳ ಅಂಚಿನಲ್ಲಿತ್ತು.

ಹೊರಡುವ ಹಿಂದಿನ ದಿನ ಅಡುಗೆಮನೆಯ ಕಪಾಟಿನಲ್ಲಿ ಅಪ್ಪೆಮಿಡಿಯ ಭರಣಿ ಎತ್ತಿದಾಗ, ಅದರಡಿಯ ಹಾಸಿನಲ್ಲಿ ಫ್ಯಾಂಟಮ್ಮಿನ ಒಂದು ಹಾಳೆ ಸಿಕ್ಕಿತು. ಕುದುರೆಯ ಮೇಲೆ ಭರಣಿಯ ದುಂಡು ಗುರುತು ಬಿದ್ದಿತ್ತು. ಅದನ್ನು ತಂದು ರಟ್ಟು ಕೊಟ್ಟು ಕವರಿಗೆ ಹಾಕಿದ್ದೇನೆ, ಟೇಪು ಅಂಟಿಸಿಲ್ಲ. ಕಥೆಯ ನಡುವಿನ ಹಾಳೆಯದು. ಮುಂದೇನಾಯಿತೆಂಬುದು ನನಗೆ ಮರೆತಿತ್ತು. ಕಳೆದ ಭಾನುವಾರ ಫೋನಿನಲ್ಲಿ ಅಮ್ಮನಿಗೆ ಆ ಚಿತ್ರಗಳನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಳ್ಳರು ಜಲಪಾತದ ಹತ್ತಿರ ಸಿಕ್ಕಿಬೀಳ್ತಾರಲ್ಲ, ಅದೇ ತಾನೆ?” ಎಂದು ಉಳಿದ ಕಥೆಯನ್ನೆಲ್ಲ ಹೇಳಿ ಮುಗಿಸಿದರು.