ಕೈಮರ ಕೈಕೊಟ್ಟಾಗ

ಚಿಕ್ಕಮಗಳೂರಿಂದ ಗಿರಿಯ ಕಡೆ ಹೋಗುವಾಗ ಕೈಮರ ಸಿಗುತ್ತದಲ್ಲ, ಅದನ್ನು ದಾಟಿದ ಮೇಲೆ ನಮ್ಮ ಚಿಕ್ಕಪ್ಪನ ಕಾಫಿ ತೋಟ, ತೋಟದೊಳಗೆ ಹೋಂಸ್ಟೇ. ಅದರ ವೆಬ್‌ಸೈಟ್ ಮಾಡಿದ್ದು ನಾನು. ಸಂಬಳ ಎರಡು ಕೆಜಿ ಕಾಫಿಪುಡಿ. ನಾಲ್ಕು ಫೋಟೋ, ಒಂದು ಫೋನ್ ನಂಬರಿಗೆ ದೊಡ್ಡ ದೊಡ್ಡ ವೆಬ್ ಆ್ಯಪ್ ಕಟ್ಟೋ ರಿಯಾಕ್ಟ್ ಯಾಕೆ ಬೇಕಿತ್ತು ಅಂತ ಕೇಳಬೇಡಿ, ನನಗೆ ಬರೋದೇ ಅದೊಂದು.

ಕೋಣೆಗಳ ಪುಟದ ವಿಳಾಸ ಮೊದಲು 'ರೂಮ್ಸ್' ಅಂತಿತ್ತು. ಸುಮ್ನೆ ಇರಲಾರದೆ 'ಸ್ಟೇ' ಅಂತ ಬದಲಿಸಿದೆ. ಅಷ್ಟರಲ್ಲಿ ಚಿಕ್ಕಪ್ಪ ಹಳೇ ಲಿಂಕನ್ನು ಊರಿಗೆಲ್ಲ ವಾಟ್ಸಾಪ್ ಮಾಡಿಯಾಗಿತ್ತು. ಸರಿ, ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಒಂದು ಸಾಲು ಬರೆದು ಮಲಗಿದೆ.

ಬೆಳಿಗ್ಗೆ ಆರಕ್ಕೇ ಫೋನು. "ಎಂಥದೋ ಮಾರಾಯ, ನಿನ್ನ ಸೈಟು ಒಳಗೆ ಬಂದವರನ್ನ ವಾಪಸ್ ಬಿಡ್ತಾನೇ ಇಲ್ವಂತೆ!"

ನೋಡಿದರೆ ನಿಜ. ಬ್ಯಾಕ್ ಒತ್ತಿದರೆ ಹಳೇ ವಿಳಾಸ, ಅದು ತಕ್ಷಣ ಹೊಸದಕ್ಕೆ ತಳ್ಳುತ್ತೆ, ಮತ್ತೆ ಬ್ಯಾಕ್, ಮತ್ತೆ ಅಲ್ಲೇ. ಥೇಟ್ ನಮ್ಮ ಚಿಕ್ಕಮ್ಮ. ಹೊರಟೆ ಅಂತ ಚಪ್ಪಲಿ ಹಾಕಿದವರನ್ನೂ "ಇನ್ನೊಂದು ಕಡುಬು ತಿಂದು ಹೋಗಿ" ಅಂತ ಒಳಗೆ ಕರೆದು ಕೂರಿಸುತ್ತಾರೆ. ಬ್ರೌಸರಿನ ಹಿಸ್ಟರಿಯಲ್ಲಿ ಹಳೇ ವಿಳಾಸದ ಜಾಗಕ್ಕೇ ಹೊಸದು ಬಂದು ಕೂರಬೇಕಿತ್ತು, ನಾನು ಅದರ ಮೇಲೆ ಇನ್ನೊಂದು ಪೇರಿಸಿದ್ದೆ. ಯಾವ ವಿಳಾಸಕ್ಕೆ ಯಾವ ಪುಟ ಅಂತ ನೋಡಿಕೊಳ್ಳೋ ರಿಯಾಕ್ಟ್ ರೌಟರ್‌ನ 5ನೇ ಆವೃತ್ತಿಯಲ್ಲಿ ಇದು ತಾನಾಗೇ ಆಗುತ್ತಿತ್ತು, 6ರಲ್ಲಿ 'ರಿಪ್ಲೇಸ್' ಅಂತ ನಾವೇ ಹೇಳಬೇಕು. ಆ ಒಂದು ಪದ ಬಿಟ್ಟುಹೋಗಿತ್ತು.

ಸೇರಿಸಿದೆ. ಮಧ್ಯಾಹ್ನ ಮತ್ತೆ ಫೋನು, ಪುಟ ರಿಫ್ರೆಶ್ ಮಾಡಿದರೆ 404, ಅಂದರೆ ಅಂಥ ಪುಟವೇ ಇಲ್ಲ ಅನ್ನೋ ಉತ್ತರ. 'ಸ್ಟೇ' ಅನ್ನೋ ಪುಟ ಇರೋದು ಬ್ರೌಸರಿನೊಳಗೆ ಮಾತ್ರ ಅಲ್ವಾ, ಪಾಪ ಸರ್ವರ್ ಆ ಹೆಸರಿನ ಫೈಲಿಗಾಗಿ ಹುಡುಕಾಡಿ ಕೈಚೆಲ್ಲುತ್ತಿತ್ತು. ಏನೂ ಸಿಗದಿದ್ದರೆ ಸೈಟಿನ ಮೂಲ ಇಂಡೆಕ್ಸ್ ಪುಟವನ್ನೇ ಕೊಡು, ಮಿಕ್ಕಿದ್ದು ಬ್ರೌಸರ್ ನೋಡಿಕೊಳ್ಳುತ್ತೆ ಅಂತ ಸರ್ವರ್ ನಡೆಸೋ ತಂತ್ರಾಂಶ ಎನ್‌ಜಿನ್‌ಎಕ್ಸ್‌ಗೆ ಹೇಳಿದೆ. ಅದೂ ಒಂದೇ ಸಾಲು. ಹುಡುಕೋಕೆ ಹಿಡಿದದ್ದು ಮೂರು ಲೋಟ ಕಾಫಿ.

ಸಂಜೆ ಮೂರನೇ ಫೋನು. "ಸೈಟು ಸರಿಯಾಯ್ತು ಕಣೋ, ಬುಕ್ಕಿಂಗೂ ಬಂತು. ಗಿರಾಕಿ ಮಾತ್ರ ಬರ್ಲಿಲ್ಲ."

ಮಳೆಗಾಳಿಗೆ ತೋಟದ ತಿರುವಿನಲ್ಲಿದ್ದ ಬಾಣದ ಬೋರ್ಡು ಅತ್ತ ತಿರುಗಿ, ಕಾರು ನೆಟ್ಟಗೆ ಪಕ್ಕದ ತೋಟದ ಹೋಂಸ್ಟೇಗೆ ಹೋಗಿ ನಿಂತಿತ್ತಂತೆ. ಕೈಮರ ಅಂದರೇನೇ ದಾರಿ ತೋರಿಸೋ ಕಂಬ, ಅದರ ಪಕ್ಕದಲ್ಲೇ ನಮಗೆ ಈ ಗತಿ.

"ಇದಕ್ಕೂ ಒಂದು ಸಾಲು ಬರೆದ್ರೆ ಆಗಲ್ವಾ?" ಅಂದರು ಚಿಕ್ಕಪ್ಪ.

ಟಾರ್ಚು, ಸುತ್ತಿಗೆ, ತಂತಿ ಹಿಡಿದು ಮಳೆಯಲ್ಲೇ ಹೊರಟೆ.